ಉದ್ದಕ್ಕೊಂದು, ಅಡ್ಡಕ್ಕೊಂದು

ಸಂಡೂರು ತಾಲ್ಲೂಕಿನ ಚೋರನೂರು ಹೋಬಳಿಯಲ್ಲಿ ಬೇಸಿಗೆ ಹೊತ್ತಿಗೆ ಬೋರ್‌ವೆಲ್ ಲಾರಿಯೊಂದು ಹೊಲಕ್ಕೆ ಇಳಿಯಿತೆಂದರೆ ಬದುವಿನ ಮೇಲೆ ನಾಲ್ಕು ಜನ ಸೇರುವುದು ತಪ್ಪದು. ಬಂದವರು ಕೇಳುವ ಪ್ರಶ್ನೆಗಳು ಎರಡೇ. “ಎಷ್ಟು ಫೀಟಿಗೆ ಬಿತ್ತಣ್ಣ?” “ಎಷ್ಟು ಇಂಚು ಬಂತು?” ಅಷ್ಟರಲ್ಲಿ ರಿಗ್ಗಿನ ಗಾಳಿ ಮೇಲಕ್ಕೆ ಉಗುಳುವ ದೂಳು ಬಣ್ಣ ಬದಲಿಸುತ್ತಿರುತ್ತದೆ: ಮೊದಲು ಕೆಂಪು ಮಣ್ಣು, ಆಮೇಲೆ ಗರಸು, ಆಮೇಲೆ ಬೂದುಗಪ್ಪಿನ ಕಲ್ಲುಪುಡಿ. ಅನುಭವ ಇದ್ದವರು ಆ ಪುಡಿಯನ್ನು ಅಂಗೈಯಲ್ಲಿ ಉಜ್ಜಿ, ಇನ್ನೂ ನೂರು ಅಡಿ ಇಳಿಸಬೇಕೋ ಇಲ್ಲಿಗೇ ನಿಲ್ಲಿಸಬೇಕೋ ಎಂದು ಹೇಳಿಬಿಡುತ್ತಾರೆ. ಆದರೆ ಆ ಕಲ್ಲು ನೆಲದೊಳಗೆ ಯಾವ ದಿಕ್ಕಿಗೆ ಹರಡಿಕೊಂಡಿದೆ, ಮಲಗಿದೆಯೋ ನಿಂತಿದೆಯೋ ಎಂಬ ಮೂರನೆಯ ಪ್ರಶ್ನೆಯನ್ನು ಬದುವಿನ ಮೇಲೆ ನಿಂತವರು ಕೇಳುವುದು ಅಪರೂಪ. ದೂಳು ಅದನ್ನು ಹೇಳಲೂ ಆರದು. ಪುಡಿಯಾದ ಕಲ್ಲಿಗೆ ದಿಕ್ಕಿಲ್ಲ.

ಪುಡಿಯಾಗದ ಕಲ್ಲಿಗೆ ಮಾತ್ರ ದಿಕ್ಕುಂಟು. ಸಂಡೂರಿನ ಕಲ್ಲಿಗಂತೂ ಅದು ಬಲು ಜೋರಾಗಿಯೇ ಉಂಟು.

ಸಂಡೂರು ಬೆಟ್ಟಸಾಲು ವಾಯವ್ಯದಿಂದ ಆಗ್ನೇಯಕ್ಕೆ ಚಾಚಿಕೊಂಡಿರುವ ಒಂದು ಪ್ರಾಚೀನ ಶಿಲಾಪಟ್ಟಿ. ವಯಸ್ಸು ಸುಮಾರು 270 ಕೋಟಿ ವರ್ಷ. ಸುತ್ತಲೂ ಕಣಶಿಲೆ ಮತ್ತು ನೈಸ್ ಬಂಡೆ, ನಡುವೆ ಪದರಗಲ್ಲು, ಹಳೆಯ ಲಾವಾ, ಮ್ಯಾಂಗನೀಸ್, ಎಲ್ಲಕ್ಕಿಂತ ಹೆಸರಾದ ಕಬ್ಬಿಣದ ಅದಿರು. ಈ ಸೀಮೆಯನ್ನು ನಡೆದು ನೋಡಿ ನಕ್ಷೆ ಬರೆದವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಮೇಲೆ ಆತನ ಗ್ರಂಥ 1895ರಲ್ಲಿ ಅಚ್ಚಾಯಿತು. ಇಂಥ ಶಿಲಾಪಟ್ಟಿಗಳಿಗೆಲ್ಲ ಧಾರವಾಡದ ಹೆಸರನ್ನು ಅಂಟಿಸಿದವನೂ ಅವನೇ. ನಾರಿಹಳ್ಳ ಬೆಟ್ಟವನ್ನು ಕೊರೆದು ದಾರಿ ಮಾಡಿಕೊಂಡ ಗಂಡಿಗಳಲ್ಲಾಗಲಿ, ರಸ್ತೆಗೆಂದು ಗುಡ್ಡ ಕಡಿದ ಕಡೆಯಲ್ಲಾಗಲಿ ನಿಂತು ನೋಡಿದವರಿಗೆ ಕಾಣುವುದು ಪಟ್ಟೆಪಟ್ಟೆಯ ಕಲ್ಲು: ಒಂದು ಪಟ್ಟೆ ಕಬ್ಬಿಣದ ಆಕ್ಸೈಡು, ಪಕ್ಕದ್ದು ಬೆಣಚು ಜಾತಿಯ ಸಿಲಿಕಾ, ಮತ್ತೆ ಕಬ್ಬಿಣ, ಮತ್ತೆ ಸಿಲಿಕಾ. ಕೆಲವು ಪಟ್ಟೆ ಬೆರಳಗಲ, ಕೆಲವು ಉಗುರಿಗಿಂತ ತೆಳು. ಸಮುದ್ರದ ತಳದಲ್ಲಿ ಮಟ್ಟಸವಾಗಿ ಕೂತ ಈ ಪದರಗಳು ಆಮೇಲಿನ ಭೂಚಲನೆಯಲ್ಲಿ ಮಡಚಿಕೊಂಡು, ಬಹಳ ಕಡೆ ನೆಟ್ಟಗೆ ಎದ್ದು ನಿಂತಿವೆ.

ಇಂಥ ಕಲ್ಲಿನಲ್ಲಿ ವಿದ್ಯುತ್ತು ಹರಿಸಿದರೆ ಏನಾಗುತ್ತದೆ? ಬೋದು ಎತ್ತಿದ ಹೊಲಕ್ಕೆ ನೀರು ಬಿಟ್ಟಂತೆ ಆಗುತ್ತದೆ. ಸಾಲಿನ ಉದ್ದಕ್ಕೆ ನೀರು ತಾನಾಗಿ ಓಡುತ್ತದೆ. ಅಡ್ಡಕ್ಕೆ ಹೋಗಬೇಕೆಂದರೆ ಒಂದೊಂದು ಬೋದನ್ನೂ ದಾಟಬೇಕು. ಹೊಲ ಒಂದೇ, ನೀರೂ ಒಂದೇ, ದಿಕ್ಕು ಮಾತ್ರ ಬೇರೆ.

ಲೆಕ್ಕ ಹಾಕಿ ನೋಡಿದರೆ ವ್ಯತ್ಯಾಸ ಬೆರಗು ಹುಟ್ಟಿಸುತ್ತದೆ. ವಿದ್ಯುತ್ತಿಗೆ ಕಲ್ಲು ಒಡ್ಡುವ ತಡೆಯನ್ನು ಓಮ್-ಮೀಟರಿನಲ್ಲಿ ಅಳೆಯುತ್ತಾರೆ. ತಡೆ ಹೆಚ್ಚಿದಷ್ಟೂ ವಾಹಕತೆ ಕಡಿಮೆ. ಸಮ ದಪ್ಪದ ಎರಡು ಬಗೆಯ ಪದರಗಳು ಒಂದರ ಪಕ್ಕ ಒಂದು ಕೂತಿವೆ ಎನ್ನೋಣ. ಒಂದರ ತಡೆ 1 ಓಮ್-ಮೀಟರು, ಇನ್ನೊಂದರದು 100. ಪದರದ ಉದ್ದಕ್ಕೆ ಹರಿಯುವ ವಿದ್ಯುತ್ತು ಸುಲಭದ ಪದರವನ್ನೇ ಹಿಡಿಯುತ್ತದೆ, ಹಾಗಾಗಿ ಒಟ್ಟು ತಡೆ 2 ಓಮ್-ಮೀಟರಿನ ಆಸುಪಾಸು. ಅಡ್ಡಕ್ಕೆ ಹರಿಯಬೇಕಾದ ವಿದ್ಯುತ್ತು ಎರಡನ್ನೂ ದಾಟಲೇಬೇಕು, ತಡೆ 50ಕ್ಕೂ ತುಸು ಮೇಲೆ. ಅಂದರೆ ಒಂದೇ ಕಲ್ಲು ಒಂದು ದಿಕ್ಕಿಗೆ ಇಪ್ಪತ್ತೈದು ಪಟ್ಟು ಬಿಗಿ. ಹಾಗಿರುವಾಗ “ಈ ಕಲ್ಲಿನ ವಾಹಕತೆ ಎಷ್ಟು?” ಎಂಬ ಪ್ರಶ್ನೆಗೆ ಒಂದೇ ಅಂಕಿ ಉತ್ತರ ಕೊಡುವವರನ್ನು ತುಸು ಅನುಮಾನದಿಂದ ನೋಡಬೇಕಾಗುತ್ತದೆ. ಯಾವ ದಿಕ್ಕಿನದು ಎಂದು ಕೇಳದೆ ಆ ಅಂಕಿಗೆ ಅರ್ಥವಿಲ್ಲ.

ಕೊಳವೆಬಾವಿಯೊಳಗೆ ವಿದ್ಯುತ್ತು ಇಳಿಸಿ ಕಲ್ಲನ್ನು ಓದುವ ಕೆಲಸ ಶುರುವಾದದ್ದು 1927ರ ಸೆಪ್ಟೆಂಬರ್ 5ರಂದು, ಫ್ರಾನ್ಸಿನ ಆಲ್ಸಾಸ್ ಸೀಮೆಯ ಪೆಶೆಲ್‌ಬ್ರಾನ್ ಎಂಬ ಎಣ್ಣೆ ನಿಕ್ಷೇಪದಲ್ಲಿ. ಕಾನ್ರಾಡ್ ಮತ್ತು ಮಾರ್ಸೆಲ್ ಶ್ಲುಂಬರ್ಜೆ ಎಂಬ ಸೋದರರ ಯೋಜನೆ ಅದು. ಬಾವಿಯ ಬಾಯಲ್ಲಿ ನಿಂತು ಮಾಡಿ ತೋರಿಸಿದವನು ಆನ್ರಿ ಡಾಲ್ ಎಂಬ ಯುವಕ. ತಂತಿಯ ತುದಿಗೆ ಎಲೆಕ್ಟ್ರೋಡುಗಳನ್ನು ಕಟ್ಟಿ ಇಳಿಬಿಟ್ಟು, ಮೀಟರಿಗೊಮ್ಮೆ ನಿಲ್ಲಿಸಿ, ಅಳೆದು, ಕೈಯಲ್ಲೇ ಕಾಗದದ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆದರು. ಇವತ್ತಿಗೂ ಅಂತರ್ಜಲ ಇಲಾಖೆಗಳು ಕೊಳವೆಬಾವಿಗೆ ಇಳಿಸುವ ಸಾಧನದ ಮೂಲತತ್ತ್ವ ಬಹುಪಾಲು ಅದೇ. ಒಂದು ಎಲೆಕ್ಟ್ರೋಡು ವಿದ್ಯುತ್ತನ್ನು ಬಿಡುತ್ತದೆ, ಅದರಿಂದ 16 ಇಂಚು ಮತ್ತು 64 ಇಂಚು ದೂರದಲ್ಲಿ ವೋಲ್ಟೇಜು ಅಳೆಯುತ್ತಾರೆ. ಹತ್ತಿರದ ಅಳತೆ ಬಾವಿಯ ಗೋಡೆಯ ಸಮಾಚಾರ ಹೇಳಿದರೆ ದೂರದ್ದು ಸ್ವಲ್ಪ ಒಳಗಿನದನ್ನು ಹೇಳುತ್ತದೆ.

ಇಲ್ಲೊಂದು ವಿಚಿತ್ರ ಇದೆ, ಬುದ್ಧಿವಂತರನ್ನೂ ಎಡವಿಸುವಂಥದ್ದು. ಮಟ್ಟಸವಾಗಿ ಮಲಗಿದ ಪದರಗಳ ನಡುವೆ ನೇರ ಕೆಳಗೆ ಬಾವಿ ಕೊರೆದಿದೆ ಎನ್ನೋಣ. ಎಲೆಕ್ಟ್ರೋಡುಗಳು ಬಾವಿಯಲ್ಲಿ ಒಂದರ ಮೇಲೊಂದು ತೂಗುತ್ತಿವೆ, ಅಂದರೆ ಪದರಗಳಿಗೆ ಅಡ್ಡಲಾಗಿ. ಹಾಗಿದ್ದಮೇಲೆ ಅಡ್ಡದ ತಡೆ, ಅಂದರೆ ಮೇಲಿನ ಲೆಕ್ಕದ 50, ಸಿಗಬೇಕಲ್ಲವೇ? ಸಿಗುವುದಿಲ್ಲ. ಸಿಗುವುದು ಉದ್ದದ ತಡೆ, 2. ಕಾರಣ ಸರಳ: ಎಲೆಕ್ಟ್ರೋಡಿನಿಂದ ಹೊರಬಿದ್ದ ವಿದ್ಯುತ್ತು ಮೇಲೆ ಕೆಳಗೆ ಹೋಗುವ ಗೋಜಿಗೇ ಹೋಗದೆ ಸುಲಭದ ಪದರ ಹಿಡಿದು ಪಕ್ಕಕ್ಕೆ ಚದುರುತ್ತದೆ. ಅಡ್ಡಕ್ಕೆ ಹರಿಯುವುದು ಅತ್ಯಲ್ಪ, ಹಾಗಾಗಿ ಆ ದಿಕ್ಕಿನಲ್ಲಿ ವೋಲ್ಟೇಜಿನ ಇಳಿತವೂ ಅಲ್ಪ. ಅಡ್ಡ ಅಳೆಯಲು ಹೋದವನ ಕೈಗೆ ಉದ್ದದ ಅಂಕಿ. ನೆಲದ ಮೇಲೆ ಸರಳುಗಳನ್ನು ಸಾಲಾಗಿ ನೆಟ್ಟು ಅಳೆದರೂ ಇದೇ ಕಥೆ: ಪದರಗಳು ನೆಟ್ಟಗೆ ನಿಂತ ಜಾಗದಲ್ಲಿ, ಪದರದ ಗುಂಟ ಸರಳು ನೆಟ್ಟಾಗ ಸಿಗುವ ತಡೆ, ಅಡ್ಡ ನೆಟ್ಟಾಗ ಸಿಗುವುದಕ್ಕಿಂತ ಹೆಚ್ಚು. ಭೂಭೌತಶಾಸ್ತ್ರದ ಪುಸ್ತಕಗಳು ಇದನ್ನು ವಿರೋಧಾಭಾಸ ಎಂದೇ ಕರೆದಿವೆ. ಈ ಮಾತು ಗೊತ್ತಿಲ್ಲದೆ ನಕ್ಷೆ ಬರೆದರೆ ಪದರಗಳ ದಿಕ್ಕು ಸರಿಯಾಗಿ ತಿರುಗುಮುರುಗಾಗುತ್ತದೆ.

ಎಲೆಕ್ಟ್ರೋಡಿಗೆ ಇನ್ನೊಂದು ಕೊರತೆ. ಅದಕ್ಕೆ ಬಾವಿಯಲ್ಲಿ ನೀರು ಬೇಕು. ಗಾಳಿ ತುಂಬಿದ ಒಣ ಬೋರಿನಲ್ಲಿ ವಿದ್ಯುತ್ತು ಕಲ್ಲಿಗೆ ದಾಟುವುದೇ ಇಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕಕ್ಕೆ ಹೋದ ಅದೇ ಆನ್ರಿ ಡಾಲ್, ನೆಲದಲ್ಲಿ ಹೂತ ಸಿಡಿಗುಂಡುಗಳನ್ನು ಸುರುಳಿ ತಂತಿಯಿಂದ ಪತ್ತೆ ಮಾಡುವ ಸಾಧನಗಳ ಮೇಲೆ ಕೆಲಸ ಮಾಡಿದ. ಯುದ್ಧ ಮುಗಿದ ಮೇಲೆ ಅದೇ ತಿಳಿವಳಿಕೆಯನ್ನು ಬಾವಿಗೆ ತಂದು 1949ರಲ್ಲಿ ಪ್ರಕಟಿಸಿದ. ಒಂದು ಸುರುಳಿಗೆ ಸೆಕೆಂಡಿಗೆ ಸುಮಾರು 20 ಸಾವಿರ ಸಲ ಹಿಂದೆಮುಂದೆ ಓಲಾಡುವ ವಿದ್ಯುತ್ತು ಕೊಟ್ಟರೆ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಅದು ಕಲ್ಲಿನೊಳಗೆ ಬಾವಿಯ ಸುತ್ತ ಬಳೆಯಾಕಾರದ ವಿದ್ಯುತ್ತನ್ನು ಎಬ್ಬಿಸುತ್ತದೆ. ಆ ವಿದ್ಯುತ್ತಿನ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ನೀರೂ ಬೇಡ, ಕಲ್ಲನ್ನು ಮುಟ್ಟುವುದೂ ಬೇಡ. ಉಕ್ಕಿನ ಕೇಸಿಂಗ್ ಪೈಪು ಇದ್ದರೆ ಮಾತ್ರ ಕುರುಡು. ಪಿವಿಸಿ ಪೈಪಾದರೆ ತೊಂದರೆಯಿಲ್ಲ.

ಸುರುಳಿಗೆ ದಿಕ್ಕಿನ ಅರಿವು ಉಂಟೆಂಬುದು ರೇಡಿಯೊ ಕೇಳುಗರಿಗೆ ಹೊಸದಲ್ಲ. ಮೀಡಿಯಂ ವೇವಿನಲ್ಲಿ 765 ಕಿಲೋಹರ್ಟ್ಸಿನ ಧಾರವಾಡ ಕೇಂದ್ರವನ್ನು ಹಿಡಿಯುವಾಗ ಟ್ರಾನ್ಸಿಸ್ಟರನ್ನು ಒಂದು ಕಡೆಗೆ ತಿರುಗಿಸಿದರೆ ದನಿ ಗಟ್ಟಿಯಾಗುವುದು, ಇನ್ನೊಂದು ಕಡೆಗೆ ತಿರುಗಿಸಿದರೆ ಕ್ಷೀಣಿಸುವುದು ಹಳ್ಳಿಯ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಪೆಟ್ಟಿಗೆಯೊಳಗೆ ಫೆರೈಟ್ ಕಡ್ಡಿಗೆ ಸುತ್ತಿದ ಸುರುಳಿ ತನಗೆ ಬೇಕಾದ ದಿಕ್ಕಿನ ಕಾಂತಕ್ಷೇತ್ರವನ್ನು ಮಾತ್ರ ಹಿಡಿಯುತ್ತದೆ. ಡಾಲನ ಸಾಧನದಲ್ಲಿ ಸುರುಳಿಗಳ ಅಕ್ಷ ಬಾವಿಯ ಗುಂಟ ಇತ್ತು. ಹಾಗಾಗಿ ನೇರ ಬಾವಿಯಲ್ಲಿ ಅದು ಎಬ್ಬಿಸಿದ ವಿದ್ಯುತ್ತೆಲ್ಲ ಮಟ್ಟಸವಾಗಿ ಸುತ್ತುವಂಥದ್ದು. ಮಲಗಿದ ಪದರಗಳಲ್ಲಿ ಅದಕ್ಕೆ ಕಾಣುವುದು ಮತ್ತದೇ ಉದ್ದದ ತಡೆ. ಅಂದರೆ ಎಲೆಕ್ಟ್ರೋಡಾಗಲಿ ಸುರುಳಿಯಾಗಲಿ, ಎರಡೂ 2 ಎಂದೇ ಹೇಳಿ ಕೈತೊಳೆದುಕೊಂಡವು. 50 ಎಲ್ಲೂ ಕಾಣಿಸಲಿಲ್ಲ.

ಈ ಮರೆವು ಎಣ್ಣೆ ಕಂಪನಿಗಳಿಗೆ ದುಬಾರಿಯಾಯಿತು. ಉಪ್ಪುನೀರು ಹಿಡಿದ ಜೇಡಿಪದರಕ್ಕೆ ತಡೆ ಕಡಿಮೆ. ಎಣ್ಣೆ ಹೀರಿದ ಮರಳುಪದರಕ್ಕೆ ತಡೆ ಹೆಚ್ಚು. ಎರಡೂ ತೆಳುವಾಗಿ ಒಂದರ ಮೇಲೊಂದು ಕೂತ ಕಡೆ ಸಾಧನ 2 ಎಂದಿತು. 2 ಅಂದರೆ ಬರೀ ಉಪ್ಪುನೀರು ಎಂದು ತಿಳಿದು ಬಾವಿ ಮುಚ್ಚಿದ ಉದಾಹರಣೆಗಳು ಉಂಟು. ಕೃಷ್ಣಾ–ಗೋದಾವರಿ ಮುಖಜಭೂಮಿಯಾಚೆ ಕಡಲಾಳದಲ್ಲಿಯೂ ಇಂಥ ತೆಳುಪದರಗಳಿವೆ. ಮೋರನ್ ಮತ್ತು ಜಿಯಾನ್‌ಝೀರೊ ಎಂಬಿಬ್ಬರು 1979ರಲ್ಲಿ ಈ ಸಮಸ್ಯೆಯ ಗಣಿತವನ್ನು ಬಿಡಿಸಿಟ್ಟರು. ಆದರೆ ಆ ಗಣಿತಕ್ಕೆ ತಕ್ಕ ಸಾಧನ ಬಾವಿಯೊಳಗೆ ಇಳಿದು ವ್ಯಾಪಾರಕ್ಕೆ ಒದಗಿದ್ದು 2000ದ ಸುಮಾರಿಗೆ. ಇಪ್ಪತ್ತು ವರ್ಷದ ಅಂತರ. ಅಡ್ಡಲಾಗಿ ಕೂರಿಸಿದ ಸುರುಳಿಗೆ ಬಾವಿಯ ಗೋಡೆ, ಅದರಲ್ಲಿನ ಕೆಸರು, ಸಾಧನ ಒಂದು ಬದಿಗೆ ವಾಲುವುದು, ಎಲ್ಲವೂ ಕಿರಿಕಿರಿ. ಆ ಸದ್ದನ್ನೆಲ್ಲ ಲೆಕ್ಕದಿಂದ ಕಳೆಯುವಷ್ಟು ಗಣಕಯಂತ್ರಗಳು ಬಲಿಯಬೇಕಾಯಿತು.

ಹೊಸ ಸಾಧನದ ಗುಟ್ಟು, ಸುರುಳಿ ಒಂದಲ್ಲ, ಮೂರು. ಒಂದು ಬಾವಿಯ ಗುಂಟ, ಇನ್ನೆರಡು ಅದಕ್ಕೂ ಪರಸ್ಪರಕ್ಕೂ ಲಂಬವಾಗಿ. ಕಳಿಸುವ ಕಡೆ ಮೂರು, ಹಿಡಿಯುವ ಕಡೆ ಮೂರು. ಮೂರು ಮೂರಲೆ ಒಂಬತ್ತು ಅಳತೆ. ಅಡ್ಡ ಕೂತ ಸುರುಳಿ ಎಬ್ಬಿಸುವ ವಿದ್ಯುತ್ತು ನಿಂತ ಬಳೆಯಂತೆ ಮೇಲೆ ಕೆಳಗೆ ಸುತ್ತಬೇಕಾಗುವುದರಿಂದ ಪದರಗಳನ್ನು ದಾಟದೆ ಅದಕ್ಕೆ ಗತಿಯಿಲ್ಲ. ಅಲ್ಲಿಗೆ ಬಚ್ಚಿಟ್ಟುಕೊಂಡಿದ್ದ 50 ಹೊರಗೆ ಬರುತ್ತದೆ. ಒಂಬತ್ತು ಅಂಕಿಗಳನ್ನು ಒಟ್ಟಿಗೆ ಬಿಡಿಸಿದರೆ ಉದ್ದದ ತಡೆ, ಅಡ್ಡದ ತಡೆ, ಅದರ ಜೊತೆಗೆ ಪದರ ಎಷ್ಟು ವಾಲಿದೆ, ಯಾವ ದಿಕ್ಕಿಗೆ ವಾಲಿದೆ ಎಂಬುದೂ ಸಿಗುತ್ತದೆ.

ಈಗ ಇದನ್ನೆಲ್ಲ ಸಂಡೂರಿಗೆ ತಂದು ನೋಡಬೇಕು. ಶ್ಲುಂಬರ್ಜೆ ಸೋದರರಿಂದ ಹಿಡಿದು ಮೂರು ಸುರುಳಿಯವರೆಗಿನ ಸಾಧನಗಳೆಲ್ಲ ಮುಖ್ಯವಾಗಿ ಎಣ್ಣೆಸೀಮೆಯವು. ಅಲ್ಲಿ ಪದರ ಮಲಗಿರುತ್ತದೆ, ಬಾವಿ ನಿಂತಿರುತ್ತದೆ. ಸಂಡೂರಿನಲ್ಲಿ ಬಹಳ ಕಡೆ ಪದರವೂ ನಿಂತಿದೆ, ಬೋರೂ ನಿಂತಿದೆ. ರೈತರ ಆರೂವರೆ ಇಂಚಿನ ಬೋರು ಒಂದೇ ಪಟ್ಟೆಯನ್ನು ಹಿಡಿದುಕೊಂಡು ಮುನ್ನೂರು ಅಡಿ ಇಳಿದುಬಿಡಬಹುದು, ಪಕ್ಕದಲ್ಲೇ ಇರುವ ಬೇರೆ ಜಾತಿಯ ಕಲ್ಲನ್ನು ಒಮ್ಮೆಯೂ ಮುಟ್ಟದೆ. ಅದಿರು ಹುಡುಕುವವರು ಪದರಗಳು ಕಡಿದಾಗಿ ನಿಂತ ಕಡೆ ರಂಧ್ರವನ್ನು ಓರೆಯಾಗಿ ಕೊರೆದು ಪಟ್ಟೆಗಳನ್ನು ಅಡ್ಡ ಸೀಳಲು ನೋಡುವುದು ಇದಕ್ಕೇ. ನೀರಿನ ರಿಗ್ಗಿಗೆ ಆ ಭಾಗ್ಯವಿಲ್ಲ. ಅದಕ್ಕೆ ಗೊತ್ತಿರುವುದು ನೇರ ಕೆಳಗೆ ಇಳಿಯುವುದೊಂದೇ.

ಹಾಗೆ ನಿಂತ ಪದರಗಳಲ್ಲಿ ಡಾಲನ ಹಳೆಯ ಸುರುಳಿಯನ್ನು ಇಳಿಸಿದರೆ, ಅದರ ವಿದ್ಯುತ್ತಿನ ಬಳೆ ಅರ್ಧ ದಾರಿ ಪದರದ ಗುಂಟ ಓಡಿ ಅರ್ಧ ದಾರಿ ಪದರಗಳನ್ನು ದಾಟುತ್ತದೆ. ಗಣಿತದ ಪ್ರಕಾರ ಬರುವ ಉತ್ತರ ಎರಡು ತಡೆಗಳ ಗುಣಲಬ್ಧದ ವರ್ಗಮೂಲ. ಮೇಲಿನ ಉದಾಹರಣೆಯಲ್ಲಿ ಅದು ಸರಿಯಾಗಿ 10. ಮಲಗಿದ್ದಾಗ 2 ಎಂದ ಕಲ್ಲೇ ಎದ್ದು ನಿಂತಾಗ 10 ಎನ್ನುತ್ತದೆ. ಕಲ್ಲು ಬದಲಾಗಿಲ್ಲ, ನೀರು ಕಡಿಮೆಯಾಗಿಲ್ಲ. ಎಣ್ಣೆಸೀಮೆಯ ಕೋಷ್ಟಕ ಹಿಡಿದು ಸಂಡೂರಿನ ಬೋರಿನ ಗೆರೆಯನ್ನು ಓದಬಾರದೆನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಜೊತೆಗೆ ಈ ಪಟ್ಟೆಗಳಲ್ಲಿ ಮ್ಯಾಗ್ನೆಟೈಟ್ ಇದ್ದರೆ ಅದರ ಕಾಂತಗುಣವೇ ಸುರುಳಿಯ ಅಳತೆಯೊಳಗೆ ಕೈಹಾಕುತ್ತದೆ. ಅದನ್ನು ಬೇರ್ಪಡಿಸಿ ಓದಬೇಕು.

ಸಂಡೂರಿನಿಂದ ಹೊಸಪೇಟೆ ದಾಟಿ ಹಂಪಿಗೆ ಬಂದರೆ ಕಲ್ಲಿನ ಸ್ವಭಾವವೇ ಬೇರೆ. ಅಲ್ಲಿನ ಗುಂಡುಗಳು ಕಣಶಿಲೆ; ಪಟ್ಟೆಯಿಲ್ಲ, ಹರಳುಗಳು ಎಲ್ಲ ಕಡೆಗೂ ಬೆರೆತುಕೊಂಡಿವೆ. ತುಂಡೊಂದನ್ನು ಪ್ರಯೋಗಶಾಲೆಗೆ ಒಯ್ದರೆ ಯಾವ ದಿಕ್ಕಿಗೆ ಅಳೆದರೂ ತಡೆ ಹೆಚ್ಚುಕಡಿಮೆ ಒಂದೇ, ಸಾವಿರಾರು ಓಮ್-ಮೀಟರು ಇಲ್ಲವೇ ಅದಕ್ಕೂ ಹೆಚ್ಚು. ಆದರೂ ಕಣಶಿಲೆ ದಿಕ್ಕುಗೇಡಿಯೇನಲ್ಲ. ವಿಜಯನಗರದ ಕಲ್ಲುಕುಟಿಗರು ಬಂಡೆಯ ಮೇಲೆ ಸಾಲಾಗಿ ಚೌಕ ಕುಳಿ ತೋಡಿ, ಬೆಣೆ ಬಡಿದು ಸೀಳಿದ ಗುರುತುಗಳು ಹಂಪಿಯ ತುಂಬ ಇವೆ. ಬಂಡೆ ಯಾವ ಕಡೆಗೆ ಸಲೀಸಾಗಿ ಸೀಳುತ್ತದೆಂಬುದು ಕಲ್ಲು ಕೆಲಸದವರಿಗೆ ಕೈಯ ಅಂದಾಜಿನಲ್ಲೇ ಗೊತ್ತು. ಬೃಹತ್ ಪ್ರಮಾಣದಲ್ಲಿ ಆ ಸೀಳುಗಳೇ ಬಿರುಕುಗಳು. ಒಂದೇ ದಿಕ್ಕಿನ ಬಿರುಕುಗಳಲ್ಲಿ ನೀರು ನಿಂತರೆ ಕಣಶಿಲೆಯೂ ಆ ದಿಕ್ಕಿಗೆ ವಿದ್ಯುತ್ತನ್ನು ಸುಲಭವಾಗಿ ಬಿಡುತ್ತದೆ. ಇಲ್ಲಿ ಸುರುಳಿ ಸೋಲುತ್ತದೆ, ತಡೆ ನೂರಿನ್ನೂರು ಓಮ್-ಮೀಟರು ದಾಟಿದ ಮೇಲೆ ಅದಕ್ಕೆ ಸಿಗುವ ಸಂಕೇತ ತೀರ ಕ್ಷೀಣ. ಎಲೆಕ್ಟ್ರೋಡೇ ಗತಿ. 

ವಾಹಕತೆ ಹೆಚ್ಚಿದ್ದ ಕಡೆಯೆಲ್ಲ ನೀರಿದೆ ಎಂದು ಹೇಳುವವರೂ ಇದ್ದಾರೆ. ಅದು ಅರ್ಧಸತ್ಯ, ಕೆಲವೊಮ್ಮೆ ಅರ್ಧವೂ ಅಲ್ಲ. ಕಬ್ಬಿಣದ ಅದಿರು, ಜೇಡಿ, ಧಾರವಾಡ ಶಿಲಾಪಟ್ಟಿಗಳಲ್ಲಿ ಹಲವೆಡೆ ಸಿಗುವ ಗ್ರಾಫೈಟ್ ಬೆರೆತ ಕರಿ ಪದರಗಲ್ಲು, ಇವೆಲ್ಲ ಹನಿ ನೀರಿಲ್ಲದೆಯೂ ವಿದ್ಯುತ್ತನ್ನು ಒಯ್ಯಬಲ್ಲವು ಇಲ್ಲವೇ ಹಿಡಿದ ನೀರನ್ನು ಪಂಪಿಗೆ ಬಿಡದಂಥವು. ಜರ್ಮನಿಯ ಬವೇರಿಯಾದಲ್ಲಿ 1994ರಲ್ಲಿ 9,101 ಮೀಟರಿನವರೆಗೆ ಇಳಿದ ಸಂಶೋಧನಾ ಬಾವಿಯಲ್ಲಿ ವಾಹಕತೆ ಏರಿದ ಕಡೆಗಳಲ್ಲಿ ಸಿಕ್ಕ ಒಂದು ಮುಖ್ಯ ಕಾರಣ, ಕಲ್ಲು ಜಾರಿದ ಸೀಳುಗಳಿಗೆ ಮೆತ್ತಿಕೊಂಡ ಗ್ರಾಫೈಟ್. ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರನ್ನು ನೋಡಿ ನಗುವ ಮೊದಲು, ಮೀಟರ್ ಹಿಡಿದು ತೋರಿಸುವವರೂ ಈ ಮಾತನ್ನು ಒಪ್ಪಿಕೊಳ್ಳುವುದು ಒಳ್ಳೆಯದು.

ಕರ್ನಾಟಕದಲ್ಲಿ ನೆಲದ ವಾಹಕತೆಯನ್ನು ಅಂತರ್ಜಲಕ್ಕಾಗಿ ಓದುವ ದೊಡ್ಡ ಪ್ರಯೋಗವೊಂದು ನಡೆದದ್ದು ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನದಲ್ಲಿ. 2010ರ ದಶಕದ ಮೊದಲ ವರ್ಷಗಳಲ್ಲಿ ಕೇಂದ್ರ ಅಂತರ್ಜಲ ಮಂಡಳಿಯ ಪ್ರಾಯೋಗಿಕ ಯೋಜನೆಯಲ್ಲಿ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಡೆನ್ಮಾರ್ಕಿನವರ ನೆರವಿನಿಂದ ಹೆಲಿಕಾಪ್ಟರಿಗೆ ದೊಡ್ಡ ತಂತಿಬಳೆಯೊಂದನ್ನು ತೂಗುಹಾಕಿ ಹೊಲ-ತೋಟಗಳ ಮೇಲೆ ಹಾರಿಸಿತು. ಕಣಶಿಲೆ-ನೈಸ್ ಸೀಮೆಯಲ್ಲಿ ಕೊಳೆತ ಕಲ್ಲಿನ ದಪ್ಪ ಎಷ್ಟು, ಗಟ್ಟಿ ಬಂಡೆ ಎಲ್ಲಿ ಶುರು ಎಂಬುದು ಅದರಿಂದ ಚೆನ್ನಾಗಿ ತಿಳಿಯುತ್ತದೆ. ಆದರೆ ಮೇಲೆ ಮಟ್ಟಸವಾಗಿ ತೂಗುವ ಬಳೆ ನೆಲದಲ್ಲಿ ಎಬ್ಬಿಸುವುದೂ ಮುಖ್ಯವಾಗಿ ಮಟ್ಟಸವಾಗಿ ಸುತ್ತುವ ವಿದ್ಯುತ್ತನ್ನೇ. ಅದನ್ನು ಓದುವವರು ಸಾಮಾನ್ಯವಾಗಿ ನೆಲವೆಂದರೆ ಮಲಗಿದ ಪದರಗಳ ಸಾಲು ಎಂದು ಊಹಿಸಿಕೊಂಡೇ ಹೊರಡುತ್ತಾರೆ. ಸಂಡೂರಿನಂಥ ನಿಂತ ಕಲ್ಲಿನ ಸೀಮೆಗೆ ಆ ಊಹೆ ಹೊಂದುವುದಿಲ್ಲ. ಅಲ್ಲಿ ಕೊಳವೆಬಾವಿಯ ಒಳಗಿನಿಂದಲೇ ದಿಕ್ಕನ್ನು ಅಳೆಯಬೇಕು.

ಮೂರು ಸುರುಳಿಯ ಎಣ್ಣೆಸಾಧನ ಚೋರನೂರಿನ ಹೊಲಕ್ಕೆ ಬರುವ ವಸ್ತುವಲ್ಲ. ಅದರ ಬಾಡಿಗೆಯಲ್ಲಿ ಎಷ್ಟೋ ಬೋರು ಕೊರೆಸಬಹುದು. ಆದರೆ ಅದಕ್ಕಿಂತ ಹಳೆಯ, ಅಗ್ಗದ ಉಪಾಯವೊಂದು ಇದೆ. ಕಾನ್ರಾಡ್ ಶ್ಲುಂಬರ್ಜೆಯೇ 1920ಕ್ಕೂ ಮೊದಲು ಲೋಹದ ಅದಿರು ಹುಡುಕಲು ಬಳಸಿದ್ದು. ಒಂದು ಬೋರಿನ ಆಳದ ನೀರಿಗೆ ಎಲೆಕ್ಟ್ರೋಡು ಇಳಿಸಿ ವಿದ್ಯುತ್ತು ಬಿಡುವುದು, ಅದರ ಜೋಡಿ ಎಲೆಕ್ಟ್ರೋಡನ್ನು ಬಹು ದೂರದಲ್ಲಿ ನೆಡುವುದು. ಆಮೇಲೆ ಬೋರಿನ ಸುತ್ತ ಹೊಲದಲ್ಲಿ ನಡೆಯುತ್ತ ಜಾಗಜಾಗದಲ್ಲಿ ವೋಲ್ಟೇಜು ಬರೆದುಕೊಳ್ಳುವುದು. ಸಮ ವೋಲ್ಟೇಜಿನ ಜಾಗಗಳನ್ನು ಗೆರೆಯಿಂದ ಸೇರಿಸಿದಾಗ, ಹಂಪಿಯ ಬಿರುಕಿಲ್ಲದ ಬಂಡೆಯಂಥ ನೆಲವಾದರೆ ದುಂಡು ವೃತ್ತಗಳು ಬರಬೇಕು. ಸಂಡೂರು ಪಟ್ಟಿಯ ನೆಲವಾದರೆ ವಾಯವ್ಯ-ಆಗ್ನೇಯಕ್ಕೆ ಎಳೆದ ಮೊಟ್ಟೆಯಾಕಾರ. ಆ ಆಕಾರ ಎಷ್ಟು ಉದ್ದುದ್ದ ಇದೆಯೋ ದಿಕ್ಕಿನ ಪಕ್ಷಪಾತ ಅಷ್ಟು.

ಅದರ ಉಪಯೋಗ ಇಬ್ಬರು ಅಕ್ಕಪಕ್ಕದ ರೈತರ ನಡುವಿನ ತಕರಾರಿನಲ್ಲಿ ಕಾಣುತ್ತದೆ. “ಅಣ್ಣ ನಿನ್ನ ಬೋರು ಬಿದ್ದ ಮೇಲೇ ನಂದು ಒಣಗಿತು” ಎಂಬ ದೂರು ಹಳ್ಳಿಹಳ್ಳಿಯಲ್ಲಿ ಉಂಟು, ಎರಡು ಬೋರುಗಳ ನಡುವೆ ಎಷ್ಟು ಅಡಿ ಅಂತರ ಬಿಡಬೇಕೆಂಬ ಲೆಕ್ಕವೂ ಉಂಟು. ಆದರೆ ನಿಂತ ಪದರಗಳಲ್ಲಿ ನೀರೂ ವಿದ್ಯುತ್ತಿನ ಹಾಗೆ ಸಾಮಾನ್ಯವಾಗಿ ಪದರದ ಗುಂಟ ಸುಲಭವಾಗಿ ಸರಿಯುತ್ತದೆ, ಅಡ್ಡಕ್ಕೆ ಕಷ್ಟದಿಂದ. ಒಂದು ಪಂಪು ಎಳೆದಾಗ ನೀರಿನ ಮಟ್ಟ ಇಳಿಯುವ ವಲಯವೂ ದುಂಡಗಿರದೆ ಅದೇ ಉದ್ದದ ಮೊಟ್ಟೆಯಾಕಾರ ತಾಳುತ್ತದೆ. ಪಟ್ಟೆಯ ಗುಂಟ ಸಾವಿರ ಅಡಿ ದೂರದ ಬೋರು ಬಳಲಬಹುದು, ಪಟ್ಟೆಗೆ ಅಡ್ಡಲಾಗಿ ಮುನ್ನೂರು ಅಡಿಯಲ್ಲಿರುವುದು ಅರಿಯದೆಯೇ ಇರಬಹುದು. ಆದ್ದರಿಂದ ಎರಡನೆಯ ಬೋರಿಗೆ ಜಾಗ ನೋಡುವಾಗ ಮೊದಲನೆಯದರಿಂದ ಎಷ್ಟು ದೂರ ಎಂಬುದರ ಜೊತೆಗೆ ಯಾವ ದಿಕ್ಕಿಗೆ ಎಂದೂ ಬರೆದಿಡಬೇಕು. ಬೋರಿನ ದಾಖಲೆಯಲ್ಲಿ ಆಳ, ಇಂಚು, ಕೇಸಿಂಗು ಎಂಬ ಕಾಲಮ್ಮುಗಳ ಪಕ್ಕದಲ್ಲಿ ಪದರದ ದಿಕ್ಕು ಮತ್ತು ವಾಲಿಕೆಗೆ ಇನ್ನೊಂದು ಕಾಲಮ್ಮು ಸೇರಿಸಲು ಖರ್ಚೇನೂ ತಗಲುವುದಿಲ್ಲ. ಸಮೀಪದ ಗುಡ್ಡದ ಬರಿಗಲ್ಲಿನ ಮೇಲೆ ದಿಕ್ಸೂಚಿ ಇಟ್ಟು ನೋಡಿ ಅದನ್ನು ತುಂಬಿಸಬಹುದು. ಅದಿರಿನ ಗುಡ್ಡಗಳ ತೀರ ಹತ್ತಿರ ಮಾತ್ರ ದಿಕ್ಸೂಚಿಯ ಮುಳ್ಳನ್ನು ಕಬ್ಬಿಣ ತನ್ನ ಕಡೆಗೆ ಎಳೆದುಕೊಳ್ಳುವುದರಿಂದ, ಅಲ್ಲಿ ಸೂರ್ಯನನ್ನೋ ಸರ್ವೆ ನಕ್ಷೆಯನ್ನೋ ನಂಬುವುದು ಲೇಸು.